ಮನೆಗೊಂದು ಕಿವಿ

ವಹ್ರಾನ್
೧೪ ಅಕ್ಟೋಬರ್ ೨೦೨೪

ಪ್ರೀತಿಯ ಬಾಬಾ,

ಫೋನಿನಲ್ಲಿ ಹೇಳಬಹುದಾದ ಮಾತಾಗಿದ್ದರೆ ಫೋನಿನಲ್ಲೇ ಹೇಳುತ್ತಿದ್ದೆ. ಆದರೆ ಕಳೆದ ಸಲ, ಮೆಟ್ಟಿಲು ಇಳಿಯುವಾಗ ಬಿದ್ದು ಕಾಲು ಉಳುಕಿತು ಎಂದು ನಾನು ಹೇಳಿದರೆ ನೀನು, "ಹೌದೌದು, ಒಳ್ಳೇದಾಯ್ತು, ದೇವರು ದೊಡ್ಡವನು" ಎಂದೆ. ಹಿಂದಿನಿಂದ ಯಮೀನತ್ತೆ ಕೂಗಿದ್ದು ನನಗೆ ಕೇಳಿಸಿತು: "ಒಳ್ಳೇದಾಯ್ತಂತೆ! ಹುಡುಗಿ ಕಾಲು ಮುರ್ಕೊಂಡ್ರೆ ತಂದೆಗೆ ಒಳ್ಳೇದಾಯ್ತಂತೆ!" ಅದಕ್ಕೇ ಈ ಕಾಗದ. ನೀನು ತಾಮ್ರದ ತಟ್ಟೆಯ ಮೇಲೆ ಅಕ್ಷರ ಕೆತ್ತುವವನು. ಅಕ್ಷರ ನಿನಗೆ ಯಾವತ್ತೂ ಕೈಕೊಟ್ಟಿಲ್ಲ.

ನಾನು ಇಲ್ಲಿ ಏನು ಕೆಲಸ ಮಾಡುತ್ತೇನೆಂದು ನೀನು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಕಿವಿಯ ಸ್ಕ್ಯಾನ್ ಓದುವುದನ್ನು ಒಂದು ಯಂತ್ರಕ್ಕೆ ಕಲಿಸುತ್ತಿದ್ದೇವೆ. ಕೃತಕ ಬುದ್ಧಿಮತ್ತೆ ಎಂದು ಪತ್ರಿಕೆಯವರು ಬರೆಯುತ್ತಾರಲ್ಲ, ಅದೇ. ಕಿವಿಯ ಸುತ್ತಲಿನ ಮೂಳೆಯನ್ನು ಈರುಳ್ಳಿ ಹೆಚ್ಚಿದ ಹಾಗೆ ತೆಳುತೆಳುವಾಗಿ ಚಿತ್ರ ತೆಗೆದಿರುತ್ತಾರೆ. ಕಾಯಿಲೆ ಎಲ್ಲಿದೆ ಎಂದು ಒಂದೊಂದು ಚಿತ್ರದಲ್ಲೂ ನಾನು ಗುರುತು ಹಾಕಿ ತೋರಿಸುತ್ತೇನೆ. ಸಾವಿರಾರು ಕಿವಿ ನೋಡಿದ ಮೇಲೆ ಯಂತ್ರ ತಾನೇ ತೋರಿಸತೊಡಗುತ್ತದೆ. ಅನುಮಾನ ಬಂದ ಜಾಗಕ್ಕೆ ಕಿತ್ತಳೆ ಬಣ್ಣ ಬಳಿಯುತ್ತದೆ. ನಮ್ಮ ಕೋಣೆಯ ಹುಡುಗಿಯರು ಅದಕ್ಕೆ 'ಮುದುಕಿ' ಎಂದು ಹೆಸರಿಟ್ಟಿದ್ದಾರೆ. ಹೆಣ್ಣು ನೋಡಲು ಬಂದ ಮುದುಕಿಯ ಹಾಗೆ ಎಲ್ಲರ ಮನೆಯ ಮೂಲೆಯಲ್ಲೂ ಧೂಳು ಹುಡುಕುತ್ತದಂತೆ.

ಹೋದ ಚಳಿಗಾಲ ನೀನು ಹಿಮದಲ್ಲಿ ಜಾರಿ ಸೇತುವೆಯ ಮೆಟ್ಟಿಲ ಮೇಲೆ ಬಿದ್ದೆಯಲ್ಲ, ಆಗ ಕಿವಿಯ ಹಿಂದೆ ಪೆಟ್ಟಾಗಿದೆ ಎಂದು ಸ್ಕ್ಯಾನ್ ತೆಗೆದರು. ಮೂಳೆ ಮುರಿದಿಲ್ಲ, ಮನೆಗೆ ಹೋಗಿ ಎಂದರು. ಆ ಡಿಸ್ಕನ್ನು ಯಮೀನತ್ತೆ ನನಗೆ ಕಳಿಸಿದ್ದಳು. ಮೊನ್ನೆ ಎಲ್ಲರೂ ಊಟಕ್ಕೆ ಎದ್ದಾಗ, ಯಾಕೋ ಊರು ನೆನಪಾಗಿ, ಅದನ್ನು ತೆರೆದೆ. ಪರದೆಯ ಮೇಲೆ ನಿನ್ನ ಕಿವಿ ಬಂತು. ಬೆಳದಿಂಗಳಲ್ಲಿ ಕಾಣುವ ನಮ್ಮ ಕುಸಂತೀನಾದ ಹಾಗೇ ಇತ್ತು, ಬಾಬಾ. ಬಿಳಿಯ ಬಂಡೆ, ಬಂಡೆಯನ್ನು ಸೀಳಿದ ಕಪ್ಪು ಕಮರಿ, ಕಮರಿಯ ಮೇಲೆ ಕೂದಲಿನಷ್ಟು ತೆಳ್ಳಗಿನ ಸೇತುವೆ. ಬಂಡೆಯ ಹೊಟ್ಟೆಯೊಳಗೆ ಸುತ್ತಿಕೊಂಡು ಮಲಗಿದ ಒಂದು ಬಸವನಹುಳು, ಅದರ ಮನೆಗೆ ಒಂದು ಪುಟ್ಟ ಕಿಟಕಿ. ಬಹಳ ಹೊತ್ತು ನೋಡುತ್ತಾ ಕೂತೆ. ಆಮೇಲೆ ಯಂತ್ರಕ್ಕೆ ಕೊಟ್ಟೆ. ಅದು ಎರಡು ಕಿವಿಯಲ್ಲೂ ಆ ಕಿಟಕಿಯ ಅಂಚಿಗೆ ಕಿತ್ತಳೆ ಚುಕ್ಕೆ ಇಟ್ಟಿತು.

ನಿನ್ನ ಕಿವಿ ಸುತ್ತಿಗೆಯ ಸದ್ದಿಗೆ ಹೋದದ್ದೆಂದೇ ಎಲ್ಲರೂ ತಿಳಿದಿದ್ದೇವೆ. ಆದರೆ ಹಾಗೆ ಕಿವುಡಾದವರ ಮೂಳೆಯಲ್ಲಿ ಯಾವ ಗುರುತೂ ಇರುವುದಿಲ್ಲ. ಚುಕ್ಕೆ ಇರಬಾರದಿತ್ತು. ಯಂತ್ರ ತಪ್ಪು ಮಾಡುವುದೂ ಉಂಟು, ಆದರೆ ಚುಕ್ಕೆ ನಿಜವಾಗಿದ್ದರೆ ಅದು ಬೇರೆಯೇ ಕಾಯಿಲೆ, ಅದಕ್ಕೆ ಶಸ್ತ್ರಚಿಕಿತ್ಸೆ ಇದೆ. ಒಮ್ಮೆ ಇಲ್ಲಿಗೆ ಬಂದು ತೋರಿಸು.

ಬರುತ್ತೀಯಾ?

ನಿನ್ನ ಮಗಳು
ಹೂರಿಯಾ

*

ಕುಸಂತೀನಾ
೨ ನವೆಂಬರ್ ೨೦೨೪

ಮಗಳೇ ಹೂರಿಯಾ,

ಅಲ್ಜೀರಿಯಾದ ಆ ತುದಿಯಿಂದ ಈ ತುದಿಗೆ ನಿನ್ನ ಕಾಗದ ಕತ್ತೆಯ ಮೇಲೆ ಕೂತು ಬಂತೆಂದು ಕಾಣುತ್ತದೆ. ಬಂದದ್ದು ಸಂತೋಷ. ನಿನ್ನ ಕೈಬರಹ ನಿಮ್ಮಮ್ಮನದೇ. ಬಾಲ ಎಳೆದ ಅಕ್ಷರ.

ಈಗ ಒಂದು ಕಥೆ ಕೇಳು. ಒಂದಾನೊಂದು ಬೀದಿ. ಆ ಬೀದಿಯಲ್ಲಿ ತಾಮ್ರ ಬಡಿಯುವವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಹೊಸಬನಾಗಿ ಬಂದವನಿಗೆ ಎಲ್ಲವೂ ಕೇಳಿಸುತ್ತದೆ, ಪಾಪ. ವರ್ಷ ಉರುಳುತ್ತವೆ. ಒಂದು ಸಂಜೆ, ಸುತ್ತಿಗೆಗಳೆಲ್ಲ ನಿಂತು ಅಂಗಡಿಗಳ ಕದ ಹಾಕುವ ಹೊತ್ತಿಗೆ, ಬೀದಿಯ ಹಿರಿಯ ಅವನ ಹೆಸರು ಹಿಡಿದು ಕರೆಯುತ್ತಾನೆ. ಅವನು ತಿರುಗುವುದಿಲ್ಲ. ಇನ್ನೊಮ್ಮೆ ಕರೆಯುತ್ತಾನೆ. ತಿರುಗುವುದಿಲ್ಲ. ಆಗ ಕಿತ್ತಳೆ ಹೂವಿನ ನೀರು ಹಾಕಿದ ಕಾಫಿ ಬರುತ್ತದೆ, ಎಲ್ಲರೂ ನಿಂತು ನೋಡುತ್ತಿರುವಾಗ ಅವನು ಕುಡಿಯುತ್ತಾನೆ. ಅಂದಿನಿಂದ ಅವನು ಉಸ್ತಾದ. ಸುತ್ತಿಗೆ ಅವನ ಕಿವಿಯನ್ನು ತೆಗೆದುಕೊಂಡು ಕೈಗೆ ಕಸುಬು ಕೊಟ್ಟಿದೆ ಎಂದು ಅರ್ಥ.

ಆ ಕಾಫಿಯನ್ನು ನನ್ನಷ್ಟು ಚಿಕ್ಕ ವಯಸ್ಸಿಗೆ ಕುಡಿದವರು ಆ ಬೀದಿಯಲ್ಲಿ ಯಾರೂ ಇಲ್ಲ. ಆದ್ದರಿಂದ ನನ್ನ ಕಿವುಡಿನ ಯೋಚನೆ ಬಿಡು. ನಿನ್ನ ಮುದುಕಿಗೆ ಒಂದು ಕನ್ನಡಕ ಹಾಕಿಸು.

ಮತ್ತೆ ನಾನೇನು ಪೂರ್ತಿ ಕಿವುಡನಲ್ಲ. ಬೀದಿಯಲ್ಲಿ ನನಗೆ ಎಲ್ಲ ಕೇಳಿಸುತ್ತದೆ. ಮೊನ್ನೆ ಎಲ್ಲ ಸುತ್ತಿಗೆಗಳೂ ಬೀಳುತ್ತಿರುವಾಗ ಎದುರಂಗಡಿಯ ಬೂಜಮಾ ಗಿರಾಕಿಯ ಕಿವಿಗೆ ಬಾಯಿಟ್ಟು, "ಆ ಝುಬೈರ್ ಹತ್ರ ಹಂಡೆ ತಗೋಬೇಡಿ, ತಳ ಸೋರುತ್ತೆ" ಎಂದು ಅರಚಿದ. ನಾನು ಇಲ್ಲಿಂದಲೇ, "ಸೋರೋದು ನಿನ್ನ ಬಾಯಿ ಕಣೋ ಬೂಜಮಾ, ಅದಕ್ಕೆ ಮೊದಲು ಕಲಾಯಿ ಹಾಕಿಸು!" ಎಂದೆ. ಅವನ ಮುಖ ನೋಡಬೇಕಿತ್ತು. ಸದ್ದು ಹೆಚ್ಚಿದಷ್ಟೂ ನನಗೆ ಮಾತು ಸ್ಪಷ್ಟ.

ಬೀದಿಗೆ ರಜೆಯ ಶುಕ್ರವಾರ ಮಾತ್ರ ಕಷ್ಟ. ನಿನ್ನೆ ಶುಕ್ರವಾರವೂ ಹೌದು, ಕ್ರಾಂತಿಯ ದಿನವೂ ಹೌದು, ಬೀದಿ ಸತ್ತಂತೆ ಮಲಗಿತ್ತು. ನನಗೆ ಪ್ರತಿ ಸಂಜೆಯೂ ಹೀಗೇ. ಕೆಲಸ ಮುಗಿಸಿ ಮನೆಯ ಕಡೆ ಮೆಟ್ಟಿಲು ಇಳಿದಂತೆಲ್ಲ ನೀರಿಗಿಳಿದ ಹಾಗೆ. ಮೊಣಕಾಲಿಗೆ ಬರುತ್ತದೆ, ಎದೆಗೆ ಬರುತ್ತದೆ, ಬಾಗಿಲು ಹಾಕಿಕೊಂಡರೆ ತಲೆ ಮುಳುಗುತ್ತದೆ. ಆ ನೀರೊಳಗೆ ನಿನ್ನ ಅತ್ತೆ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿರುತ್ತಾಳೆ. ನಾನು ತಲೆ ಆಡಿಸುತ್ತೇನೆ. ಒಮ್ಮೊಮ್ಮೆ ಅದೂ ಚೆನ್ನಾಗಿರುತ್ತದೆ.

ಬರಲಾರೆ. ವಸಂತದಲ್ಲಿ ಹೂವಿನಿಂದ ಹೂನೀರು ಬಟ್ಟಿ ಇಳಿಸುವವರು ಹಂಡೆಗಳಿಗೆ ಈಗಲೇ ಹೇಳಿ ಹೋಗಿದ್ದಾರೆ.

ನಿನ್ನ ಕಾಲು ಹೇಗಿದೆ?

ನಿನ್ನ ಬಾಬಾ
ಝುಬೈರ್

*

ವಹ್ರಾನ್
೨೪ ನವೆಂಬರ್ ೨೦೨೪

ಬಾಬಾ,

ಕಾಲು ಸರಿಯಾಗಿದೆ. ಕೇಳಿದೆಯಲ್ಲ, ಅಷ್ಟಕ್ಕೇ ಅರ್ಧ ವಾಸಿಯಾಯಿತು.

ಇಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿನ್ನ ಸ್ಕ್ಯಾನನ್ನು ನಮ್ಮ ಕಿವಿ ಶಸ್ತ್ರವೈದ್ಯೆ ಡಾಕ್ಟರ್ ಕೆಲ್ತೂಮ್ ಅವರಿಗೆ ತೋರಿಸಿದೆ. ಅವರು ಯಂತ್ರದ ಮೇಲೆ ಆಗಲೇ ಕೋಪದಲ್ಲಿದ್ದರು. ಚಿಕ್ಕ ಮಕ್ಕಳ ಕಿವಿಯಲ್ಲಿ ಅದೇ ಜಾಗದ ಮೂಳೆ ಇನ್ನೂ ಕೂಡಿಕೊಂಡಿರುವುದಿಲ್ಲ, ಸಣ್ಣ ಬಿರುಕಿನ ಹಾಗೆ ಕಾಣುತ್ತದೆ, ಅದು ಕಾಯಿಲೆಯಲ್ಲ. ನಮ್ಮ ಯಂತ್ರ ಅಂಥ ಎಷ್ಟೋ ಮಕ್ಕಳ ಕಿವಿಗೆ ಬಣ್ಣ ಬಳಿದು ಕೂತಿತ್ತು.

"ನಿನ್ನ ಮುದುಕಿ ಈ ವಾರ ಕೂಸುಗಳನ್ನೂ ಬಿಟ್ಟಿಲ್ಲ," ಎಂದರು. "ನಾಳೆ ಈ ಮೇಜಿನ ಕಾಲಲ್ಲೂ ಕಾಯಿಲೆ ಕಾಣ್ತಾಳೆ. ತಾಮ್ರ ಬಡಿಯೋರು, ವಯಸ್ಸಾಗಿದೆ, ಕಿವಿ ಕೇಳ್ಸಲ್ಲ. ಇದರಲ್ಲಿ ಹುಡುಕೋಕೆ ಏನಿದೆ, ಹೇಳು?"

ಚಹಾದ ಹೊತ್ತಿಗೆ, ಎಲ್ಲರೂ ನಗಲಿ ಎಂದು ನಿನ್ನ ಕಾಗದದಿಂದ ಬೂಜಮಾನ ಕಥೆ ಓದಿದೆ. ಎಲ್ಲರೂ ನಕ್ಕರು. ಡಾಕ್ಟರ್ ಮಾತ್ರ ಲೋಟವನ್ನು ಬಾಯಿಗೆ ಒಯ್ಯುತ್ತಿದ್ದವರು ಅರ್ಧದಲ್ಲೇ ತಡೆದರು.

"ಅದನ್ನ ಇನ್ನೊಂದ್ಸಲ ಓದು."

"ಬಾಯಿಗೆ ಕಲಾಯಿ ಹಾಕಿಸು..."

"ಅಯ್ಯೋ, ಅದಲ್ಲ. ಅದರ ಮುಂದಿಂದು."

ಸದ್ದು ಹೆಚ್ಚಿದಷ್ಟೂ ಮಾತು ಸ್ಪಷ್ಟ ಎಂದು ಓದಿದೆ. ನೀರಿಗಿಳಿದ ಹಾಗೆ ಎಂಬುದನ್ನೂ ಓದಿದೆ. ಅವರು ಎದ್ದು ಹೋಗಿ ನಿನ್ನ ಸ್ಕ್ಯಾನನ್ನು ತಾವೇ ತೆರೆದು ಕೂತರು. ಚಹಾ ಆರಿ ಹೋಯಿತು.

ಸುತ್ತಿಗೆಯಿಂದ ಬಂದ ಕಿವುಡು ನಿನ್ನದರ ತಿರುಗುಮುರುಗು, ಬಾಬಾ. ಅಂಥವರಿಗೆ ಮೌನದಲ್ಲಿ ಅಷ್ಟಿಷ್ಟು ಕೇಳಿಸುತ್ತದೆ, ಗದ್ದಲದಲ್ಲಿ ಏನೂ ತಿಳಿಯುವುದಿಲ್ಲ. ನಿನ್ನ ಥರದ್ದು ಮೂಳೆ ಕಚ್ಚಿಕೊಂಡವರಿಗೆ ಮಾತ್ರ. ಕಿವಿಯೊಳಗೆ ಮೂರು ಪುಟ್ಟ ಮೂಳೆಗಳಿವೆ. ಒಂದಕ್ಕೆ ಸುತ್ತಿಗೆ ಎಂದು ಹೆಸರು, ಇನ್ನೊಂದಕ್ಕೆ ಅಡೆಗಲ್ಲು, ಮೂರನೆಯದಕ್ಕೆ ಕುದುರೆ ಸವಾರ ಕಾಲಿಡುವ ರಿಕಾಪು. ನಗಬೇಡ, ವೈದ್ಯರು ಇಟ್ಟ ಹೆಸರೇ ಅವು. ರಿಕಾಪು, ಸದ್ದು ಕೇಳಿಸಿಕೊಳ್ಳುವ ಆ ಬಸವನಹುಳುವಿನ ಕಿಟಕಿಯಲ್ಲಿ ನಿಂತು ಅಲ್ಲಾಡುತ್ತಿರಬೇಕು. ನಿನ್ನ ಕಿವಿಯಲ್ಲಿ ಅದರ ಸುತ್ತ ಮೂಳೆ ಬೆಳೆದು, ಕಿಲುಬು ಹಿಡಿದ ಮುಚ್ಚಳದ ಹಾಗೆ ಕಚ್ಚಿ ಕೂತಿದೆ. ಬೀದಿಯ ಗದ್ದಲ ಒಳಗೆ ಹೋಗುವುದಿಲ್ಲ, ಗದ್ದಲವನ್ನು ಮೀರಿಸಲು ಜನ ಕೂಗುವ ಮಾತು ಮಾತ್ರ ಹೋಗುತ್ತದೆ. ಮನೆಯಲ್ಲಿ ಯಾರೂ ಕೂಗುವುದಿಲ್ಲ.

ಯಂತ್ರ ಚುಕ್ಕೆ ಕಂಡಿತು, ನೀನು ನೀರಿನ ಮಾತು ಬರೆದೆ. ಎರಡನ್ನೂ ಒಟ್ಟಿಗೆ ಇಟ್ಟ ಮೇಲೆ ಡಾಕ್ಟರ್, "ಅವರನ್ನ ಕರ್ಕೊಂಡ್ ಬಾ" ಎಂದರು. ಆ ಚುಕ್ಕೆಯನ್ನು ಮನುಷ್ಯರ ಕಣ್ಣು ಯಾಕೆ ಕಾಣಲಿಲ್ಲ ಎಂದು ಕೇಳಿದೆ. ಮುರಿದ ಮೂಳೆ ಹುಡುಕುವವರಿಗೆ ಮುರಿದ ಮೂಳೆಯೇ ಕಾಣುವುದು ಎಂದರು.

ಇದು ನಿಧಾನವಾಗಿ ಬೆಳೆಯುವ ಕಾಯಿಲೆ. ಬಹಳ ವರ್ಷಗಳಿಂದ ಇದ್ದಿರಬೇಕಂತೆ. ಅಂದರೆ ನಾನು ಮನೆಯಲ್ಲಿದ್ದಾಗಲೇ.

ಬೀದಿಯಲ್ಲಿ ಅಷ್ಟು ಮಾತಾಡುವ ಬಾಬಾ ಮನೆಗೆ ಬಂದರೆ ಯಾಕೆ ಮಾತಾಡುವುದಿಲ್ಲ ಎಂದು ನಾನು ಚಿಕ್ಕಂದಿನಲ್ಲಿ...

ಇದನ್ನು ಇನ್ನೊಮ್ಮೆ ಬರೆಯುತ್ತೇನೆ.

ಹೂರಿಯಾ

*

ಕುಸಂತೀನಾ
೯ ಜನವರಿ ೨೦೨೫

ಹೂರಿಯಾ, ನನ್ನ ಕಂದ,

ನಾನು ಯಮೀನತ್ತೆ. ನಿಮ್ಮಪ್ಪನ ಹಾಗೆ ಚಂದ ಮಾಡಿ ಬರಿಯೋಕೆ ನಂಗೆ ಬರಲ್ಲ, ಮಾತಾಡಿದ ಹಾಗೇ ಬರೀತೀನಿ, ಓದ್ಕೋ. ಅವನು ಯಾಕೆ ಉತ್ತರ ಬರೀಲಿಲ್ಲ ಅಂತ ನೀನು ಕಾಯ್ತಿರ್ತೀಯ. ನಿನ್ನ ಕಾಗದ ಓದಿದ. ಮಡಚಿದ. ಮತ್ತೆ ಬಿಚ್ಚಿದ. ಊಟಕ್ಕೆ ಎದ್ದೇಳೋ ಅಂದ್ರೆ ನನ್ನ ಮುಖ ನೋಡಿ, "ಯಮೀನಾ, ನಾನು ಕಳ್ಳ" ಅಂದ! ಏನು ಕದ್ದೆಯೋ ಮಾರಾಯ ಅಂದ್ರೆ, "ಕಾಫಿ" ಅಂತಾನೆ.

ಅವನ ಕೊರಗು ಇಷ್ಟೇ. ಸುತ್ತಿಗೆ ಕೊಟ್ಟ ಕಿವುಡಲ್ಲ ಅಂದ್ಮೇಲೆ ಆ ಬೀದಿಯ ಕಾಫಿ ನನ್ನದಲ್ಲ, ಉಸ್ತಾದ ಅನ್ನೋ ಹೆಸರೂ ನನ್ನದಲ್ಲ ಅಂತ. ಈಗ ಅಂಗಡಿಗೆ ಹೋದ್ರೆ ಯಾರು ಕೊಟ್ರೂ ಕಾಫಿ ಮುಟ್ಟಲ್ವಂತೆ. ಬೂಜಮಾನೇ ಬಂದು ನನ್ನ ಕೇಳಿದ: "ನಿಮ್ಮಣ್ಣನಿಗೆ ನನ್ನ ಮೇಲೆ ಕೋಪಾನಾ? ಬೈಯೋದೇ ಬಿಟ್ಬಿಟ್ಟಿದ್ದಾನೆ!"

ನಿನ್ನ ಆಸ್ಪತ್ರೆ ಮುದುಕಿ ಈಗ ಹೇಳಿದ್ದನ್ನ ಈ ಮನೆ ಮುದುಕಿ ಯಾವತ್ತೋ ಹೇಳಿದ್ದೆ, ಇವನಿಗೆ ಬೀದೀಲಿ ಕಿವಿ ಇರುತ್ತೆ, ಮನೇಲಿ ಇರಲ್ಲ ಅಂತ. ನಾನು ಬೈಗುಳ ಅಂತ ಹೇಳಿದ್ದೆ. ಅದು ಕಾಯಿಲೆ ಅಂತ ಯಾರಿಗೆ ಗೊತ್ತಿತ್ತು?

ಇನ್ನೊಂದು ಮಾತು. ನೀನು ವಹ್ರಾನ್‌ಗೆ ಹೊರಟ ದಿನ ನಾನು ಹಿಂದೇನೇ ನಿಂತಿದ್ದೆ, ಹೋದೋಳು ಕ್ಷೇಮವಾಗಿ ಬರ್ಲಿ ಅಂತ ನಿನ್ನ ಹೆಜ್ಜೆಗೆ ಸುರಿಯೋಕೆ ಹೂನೀರು ಹಿಡ್ಕೊಂಡು. ನೀನು ಹೊಸ್ತಿಲಲ್ಲಿ ನಿಂತು ಕೇಳಿದೆ: "ಬಾಬಾ, ಮನಸಾರೆ ಕಳಿಸ್ತಿದ್ದೀಯ ತಾನೆ?" ಅವನು ತಟ್ಟೆ ಕೆತ್ತುತ್ತಾ ಇದ್ದ. ತಲೆ ಎತ್ತಲಿಲ್ಲ. ನೀನು ಸ್ವಲ್ಪ ಹೊತ್ತು ನಿಂತು ಹೋದೆ. ಹೆತ್ತವರ ಸಮಾಧಾನ ಇಲ್ಲದೆ ಹೊಸ್ತಿಲು ದಾಟಿದೆ ಅಂತ ನೀನು ಇಷ್ಟು ವರ್ಷ ಒಳಗೊಳಗೇ ಬೆಂದಿದ್ದು ನಂಗೊತ್ತು. ನಾನೂ ಅವನನ್ನ ಕಲ್ಲು ಅಂದ್ಕೊಂಡೆ. ಅದನ್ನ ಅವನ ಮುಂದೆ ಎತ್ತಲೇ ಇಲ್ಲ, ಎತ್ತಿದ್ರೆ ಜಗಳ ಆಗುತ್ತೆ ಅಂತ.

ಈಗ ನಿನ್ನ ಕಾಗದ ಓದಿದಾಗಿಂದ ಆ ಹೊಸ್ತಿಲು ದಾಟೋವಾಗೆಲ್ಲ ಕಾಲು ತಡೆಯುತ್ತೆ ನಂಗೆ.

ಬಂದು ಹೋಗು. ಶುಕ್ರವಾರ ಬರಬೇಡ, ಕೆಲಸದ ದಿನ ಬಾ, ನೇರ ಅಂಗಡಿಗೆ ಹೋಗು. ಶಖ್‌ಶೂಖಾ ಮಾಡಿಟ್ಟಿರ್ತೀನಿ, ರೊಟ್ಟಿ ತೆಳ್ಳಗೆ ಹರಿದು, ಮೆಣಸಿನಕಾಯಿ ಜಾಸ್ತಿ ಹಾಕಿ.

ನಿನ್ನ ಅತ್ತೆ
ಯಮೀನಾ

*

ವಹ್ರಾನ್
೧೦ ಫೆಬ್ರವರಿ ೨೦೨೫

ಬಾಬಾ,

ಊರಿಂದ ವಾಪಸ್ ಬಂದು ತಲುಪಿದೆ. ರೈಲಿನಲ್ಲಿ ಪೂರ್ತಿ ನಿದ್ದೆ ಹೋದೆ. ಕನಸಿನಲ್ಲೂ ಸುತ್ತಿಗೆಗಳು ಬೀಳುತ್ತಿದ್ದವು, ಆದರೆ ಒಂದಕ್ಕೂ ಸದ್ದಿರಲಿಲ್ಲ. ತಾಮ್ರದ ಮೇಲೆ ಹೂವು ಬೀಳುವ ಹಾಗೆ ಬೀಳುತ್ತಿದ್ದವು.

ಅಲ್ಲಿಗೆ ಬಂದ ದಿನ ಬೀದಿಯ ಬಾಯಲ್ಲಿ ನಿಂತು ನಿನ್ನನ್ನು ಎಷ್ಟೋ ಹೊತ್ತು ನೋಡಿದೆ. ನೀನು ಯಾರಿಗೋ ಏನೋ ಹೇಳಿ ನಗುತ್ತಿದ್ದೆ. ನಿನ್ನೊಳಗಿದ್ದೂ ನಮ್ಮ ಮನೆಗೆ ಯಾವತ್ತೂ ಬಾರದ ಆ ನಗುವ ಮನುಷ್ಯನ ಎದುರು ಮೋಟು ಪೀಠ ಎಳೆದುಕೊಂಡು ಕೂತೆ.

"ಬಾಬಾ!" ಎಂದು ಕೂಗಿದೆ. "ಇಲ್ಲಿ ಕೇಳಿಸ್ತಿದೆಯಾ?"

ನಿನ್ನ ತುಟಿ ಅಲ್ಲಾಡಿತು, ಅಷ್ಟೇ.

"ಏನಂದೆ?"

ಮತ್ತೆ ತುಟಿ.

"ಜೋರಾಗಿ ಹೇಳು ಬಾಬಾ, ನಂಗೇನೂ ಕೇಳಿಸ್ತಿಲ್ಲ!"

ಎದುರಿನಿಂದ ಬೂಜಮಾ ಅಬ್ಬರಿಸಿದ: "ನಿಮ್ಮಪ್ಪ ಏನು ಹೇಳ್ತಿದ್ದಾನೆ ಗೊತ್ತಾ? 'ಕಿರುಚಬೇಡ ಮಗಳೇ, ನಾನೇನು ಕಿವುಡನಾ?' ಅಂತ!"

ಇಡೀ ಬೀದಿ ನಕ್ಕಿತು. ನೀನೂ ನಕ್ಕೆ. ನಾನು ನಗುತ್ತಾ ನಗುತ್ತಾ ಅತ್ತದ್ದು ನಿನಗೆ ಕಂಡಿತೋ ಇಲ್ಲವೋ. ಬೀದಿಯಲ್ಲಿ ಕಿವುಡಿ ನಾನು, ಮನೆಯಲ್ಲಿ ಕಿವುಡ ನೀನು. ಇಬ್ಬರಿಗೂ ಕೇಳಿಸುವ ಜಾಗ ಈ ಕಾಗದ ಒಂದೇ. ಅದಕ್ಕೇ ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ಮರುದಿನ ಅಲ್ಲಿನ ಆಸ್ಪತ್ರೆಗೆ ಪರೀಕ್ಷೆಗೆ ಹೋದೆವಲ್ಲ. ವೈದ್ಯರು ಝೇಂಕರಿಸುವ ಉಕ್ಕಿನ ಕವಲುಕಡ್ಡಿ ಬಡಿದು ಕಿವಿಯ ಮುಂದೆ ಹಿಡಿದಾಗ ನೀನು ಕೇಳಿಸುತ್ತಿಲ್ಲ ಎಂದು ತಲೆ ಆಡಿಸಿದೆ. ಅದನ್ನೇ ಕಿವಿಯ ಹಿಂದಿನ ಮೂಳೆಗೆ ಒತ್ತಿದಾಗ ಕಣ್ಣು ಮುಚ್ಚಿದೆ, "ಒಳ್ಳೇ ಲೋಹ ಕಣ್ರೀ ಇದು" ಎಂದೆ. ಬಸವನಹುಳು ಒಳಗೆ ಎಚ್ಚರವಾಗಿಯೇ ಇದೆ, ಬಾಬಾ. ಕಿಟಕಿ ಮಾತ್ರ ಮುಚ್ಚಿದೆ. ಚುಕ್ಕೆ ನಿಜ. ಕಚ್ಚಿಕೊಂಡ ರಿಕಾಪನ್ನು ತೆಗೆದು ಅಕ್ಕಿಕಾಳಿಗಿಂತ ಸಣ್ಣ ಕೊಳವೆ ಕೂರಿಸುತ್ತಾರೆ.

ಆದರೆ ಅದಕ್ಕೊಂದು ಬೆಲೆ ಇದೆ. ಹಾಗೆ ತೆರೆದ ಕಿವಿ ಸುತ್ತಿಗೆಯ ಸದ್ದು ತಡೆಯುವುದಿಲ್ಲ. ದಿನವಿಡೀ ಆ ಬೀದಿಯಲ್ಲಿ ಕೂತರೆ ಈ ಸಲ ನಿಜವಾಗಿಯೂ ಸುತ್ತಿಗೆಯ ಕಿವುಡು ಬರುತ್ತದೆ, ಅದಕ್ಕೆ ಮದ್ದಿಲ್ಲ. ಎಲ್ಲೋ ಒಬ್ಬರಿಗೆ ಚಿಕಿತ್ಸೆಯಲ್ಲೇ ಕಿವಿ ಪೂರ್ತಿ ಹೋಗುವುದೂ ಉಂಟು.

ಅಂದರೆ ಮನೆಯ ಮಾತು ಬೇಕೆಂದರೆ ಬೀದಿಯನ್ನು ಬಿಡಬೇಕು. ಮೊದಲ ಕಾಗದದಲ್ಲಿ ಬಾ ಎಂದು ಕೇಳಿದ್ದೆ. ಈಗ ಕೇಳುವುದಿಲ್ಲ. ನಗುವ ಆ ಮನುಷ್ಯನನ್ನು ನೋಡಿದ ಮೇಲೆ ಹೇಗೆ ಕೇಳಲಿ?

ಇಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಸ್ಕ್ಯಾನ್‌ಗಳನ್ನೆಲ್ಲ ಈಗ ಯಂತ್ರಕ್ಕೆ ತೋರಿಸುತ್ತಿದ್ದೇವೆ. ಬಿದ್ದು ಬಂದವರು, ತಲೆನೋವೆಂದು ಬಂದವರು. ಮಕ್ಕಳನ್ನು ಬಿಟ್ಟುಬಿಡುವುದನ್ನು ಅದು ಕಲಿತಿದೆ. ದೊಡ್ಡವರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಸಿಗುತ್ತಿದೆ. ಚುಕ್ಕೆ ಕಂಡಾಗೆಲ್ಲ ನನಗೆ ಒಂದು ಮನೆ ಕಾಣುತ್ತದೆ. ಯಾರೋ ಕರೆಯುತ್ತಿರುತ್ತಾರೆ, ಯಾರೋ ತಿರುಗುವುದಿಲ್ಲ.

ಹೂರಿಯಾ

*

ಕುಸಂತೀನಾ
೧೮ ಮಾರ್ಚ್ ೨೦೨೫

ಮಗಳೇ,

ರಮದಾನಿನ ಶಾಂತ ದಿನಗಳು. ಸಂಜೆ ಉಪವಾಸ ಬಿಡುವ ಅಜಾನ್ ನನಗೆ ಕೇಳಿಸುವುದಿಲ್ಲ. ಯಮೀನಾಳ ಕೈ ನೋಡುತ್ತಾ ಕೂರುತ್ತೇನೆ. ಅವಳ ಕೈ ಖರ್ಜೂರದ ಕಡೆ ಹೋದರೆ ನನ್ನ ಕೈಯೂ ಹೋಗುತ್ತದೆ. ನಿಮ್ಮಮ್ಮ ಹೋದ ಮೇಲೆ ಎಷ್ಟೋ ರಮದಾನುಗಳ ಉಪವಾಸವನ್ನು ಅವಳ ಕೈ ನೋಡಿಯೇ ಬಿಟ್ಟಿದ್ದೇನೆ. ಮೊನ್ನೆ ಅವಳು ನೊಣ ಓಡಿಸಲು ಕೈ ಎತ್ತಿದಳು, ನಾನು ಖರ್ಜೂರ ಬಾಯಿಗಿಟ್ಟೆ. "ಅಯ್ಯೋ ಪಾಪಿ, ಇನ್ನೂ ಹೊತ್ತಿದೆ!" ಎಂದು ಅವಳು ಹಣೆ ಬಡಿದುಕೊಂಡದ್ದು ಕೇಳಿಸಲಿಲ್ಲ, ಕಂಡಿತು.

ಆ ಕಾಫಿ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಬೀದಿಯ ಹಿರಿಯ, ನನಗೆ ಅವತ್ತು ಕಾಫಿ ಕೊಟ್ಟ ಉಸ್ತಾದ ತಯ್ಯಿಬ್ ಬಳಿಗೆ ಹೋದೆ. ಅವನು ನಿಜವಾದ ಸುತ್ತಿಗೆಯ ಕಿವುಡ, ಬಂಡೆಯಷ್ಟು ಕಿವುಡ.

"ಉಸ್ತಾದ, ಆ ಕಾಫಿ ವಾಪಸ್ ಕೊಡೋಕೆ ಬಂದಿದ್ದೀನಿ" ಎಂದೆ.

"ಕಾಫಿನಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. "ಉಪವಾಸದ ಹೊತ್ತಲ್ಲಿ ಕಾಫಿ ಕೇಳ್ತಾನಲ್ಲೋ ಇವನು! ನಾಚಿಕೆ ಇಲ್ವೇನೋ?"

ಬೂಜಮಾ ಅವನ ಕಿವಿಗೆ ಕೈ ಕಹಳೆ ಮಾಡಿ ಎಲ್ಲ ತಿಳಿಸಿದ. ಮುದುಕ ನನ್ನ ಕೈ ಹಿಡಿದುಕೊಂಡು, ಬೆರಳಿನ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಹಂಡೆ ಪರೀಕ್ಷೆ ಮಾಡುವ ಹಾಗೆ.

"ಕುಡಿದ ಕಾಫೀನ ಯಾವನಾದ್ರೂ ವಾಪಸ್ ಕೊಟ್ಟಿದ್ದಾನಾ? ಪೆದ್ದ. ನಿನ್ನ ಕಿವಿ ನೋಡಿ ಕೊಟ್ಟಿದ್ದಲ್ಲ ಅದು, ಈ ಕೈ ನೋಡಿ ಕೊಟ್ಟಿದ್ದು. ಕಿವಿ ಒಂದು ನೆಪ. ಕರೆದಾಗ ತಿರುಗದೇ ಇದ್ದೆಯಲ್ಲ, ಆಗಲೂ ನೀನು ಒಂದು ಮುಚ್ಚಳದ ಅಂಚು ನೋಡ್ತಾ ಇದ್ದೆ."

ಆಮೇಲೆ ಎಲ್ಲಿಗೂ ಹೋಗದೆ ಸೇತುವೆಯ ಮೇಲೆ ನಿಂತೆ. ಕೆಳಗೆ ಕಮರಿಯಲ್ಲಿ ಮಂಜು ತುಂಬಿ, ಊರು ಹಾಲಿನ ಮೇಲೆ ತೇಲುತ್ತಿತ್ತು. ಈ ಕಡೆಯ ಬಂಡೆ ಬೀದಿ, ಆ ಕಡೆಯ ಬಂಡೆ ಮನೆ, ನಡುವೆ ನಾನು. ಆ ಕಡೆ ಹೋಗಬೇಕೆಂದರೆ ಈ ಕಡೆಯನ್ನು ಕೆಡವಬೇಕು ಎನ್ನುತ್ತಾರೆ ನಿನ್ನ ಡಾಕ್ಟರು. ಸೇತುವೆಗಳ ಊರಿನಲ್ಲಿ ಹುಟ್ಟಿದವನಿಗೆ ಇಂಥ ಮಾತು ಹೇಳಬಾರದು.

ನನಗೆ ಎರಡು ಕಿವಿ ಇವೆ, ಮಗಳೇ. ಎಡಗಿವಿಯನ್ನು ಮನೆಗೆ ಕೊಡುತ್ತೇನೆ. ಅದನ್ನು ತೆರೆಯಲಿ. ಬಲಗಿವಿ ಬೀದಿಯದು, ಅದು ಹೇಗಿದೆಯೋ ಹಾಗೇ ಇರಲಿ. ಹಂಡೆ ಬಡಿಯುವ ದೊಡ್ಡ ಸುತ್ತಿಗೆಯನ್ನು ಬಿಟ್ಟುಬಿಡುತ್ತೇನೆ, ನನ್ನ ತೋಳಿಗೂ ಸಾಕಾಗಿದೆ. ಎಡಗಿವಿಯನ್ನು ಬಿಗಿಯಾಗಿ ಮುಚ್ಚಿಕೊಂಡು ಹಿಂದಿನ ಕೋಣೆಯಲ್ಲಿ ಅಕ್ಷರ ಕೆತ್ತುತ್ತೇನೆ. ಬಾಗಿಲು ತೆರೆದಿಟ್ಟರೆ ಬೂಜಮಾನನ್ನು ಬೈಯುವಷ್ಟು ಬಲಗಿವಿಗೆ ಕೇಳಿಸಿದರೆ ಆಯಿತು.

ಇದು ಆಗುತ್ತದೆಯೇ ಎಂದು ಕೇಳು. ಆಗುವುದಾದರೆ ಹಬ್ಬ ಮುಗಿಸಿ ರೈಲು ಹತ್ತುತ್ತೇನೆ. ಪೂರ್ತಿ ಹೋದರೂ ಹೋಯಿತು, ಆ ಕಿವಿ ಮನೆಯಲ್ಲಿ ಮೊದಲೂ ಇರಲಿಲ್ಲ.

ನಿನ್ನ ಬಾಬಾ
ಝುಬೈರ್

*

ವಹ್ರಾನ್
೨೭ ಮಾರ್ಚ್ ೨೦೨೫

ಬಾಬಾ,

ಓದಿ ತೋರಿಸಿದೆ. ಡಾಕ್ಟರ್ ಕೆಲ್ತೂಮ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಇಂಥ ಪಾಲುಪಟ್ಟಿ ನಾನು ಕೇಳಿಲ್ಲ ಕಣೆ. ಹೇಗೂ ನಾವು ಮಾಡೋದೇ ಒಂದು ಸಲಕ್ಕೆ ಒಂದು ಕಿವಿ. ಆ ಕಿವಿ ಮುಚ್ಚೋದರಲ್ಲಿ ಮೋಸ ಮಾಡಿದ್ರೆ ನಾನೇ ಬಂದು ಸುತ್ತಿಗೆ ಕಿತ್ಕೋತೀನಿ ಅಂತ ಹೇಳು."

ಬಾ.

ಹೂರಿಯಾ

*

ಕುಸಂತೀನಾ
೩೦ ಏಪ್ರಿಲ್ ೨೦೨೫

ಮಗಳೇ ಹೂರಿಯಾ,

ಶಸ್ತ್ರಚಿಕಿತ್ಸೆ ಮುಗಿದು ನೀನು ನನ್ನನ್ನು ರೈಲು ಹತ್ತಿಸಿದಾಗ ಎಡಗಿವಿಯಲ್ಲಿ ಹತ್ತಿ ತುಂಬಿತ್ತು. ಕಿಟಕಿಯಾಚೆ ನಿನ್ನ ತುಟಿ ಅಲ್ಲಾಡುತ್ತಿತ್ತು, ನಾನು ಹಳೆಯ ಅಭ್ಯಾಸದಂತೆ ತಲೆ ಆಡಿಸುತ್ತಿದ್ದೆ. ಇಲ್ಲಿನ ವೈದ್ಯರು ಹತ್ತಿ ತೆಗೆದ ದಿನ ಏನೂ ಆಗಲಿಲ್ಲ. ಅದೇ ನೀರು. ಯಮೀನಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕಾಯಬೇಕು ಎಂದರು. ಆ ದಿನಗಳಲ್ಲಿ ನಿನಗೆ ಬರೆಯಲು ಕೈ ಬರಲಿಲ್ಲ, ತಪ್ಪು ತಿಳಿಯಬೇಡ.

ಆಮೇಲೆ ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಾ ಕೂತಿದ್ದೆ. ಯಾರೋ ಬಹಳ ದೂರದಲ್ಲಿ, ಬಾವಿಯ ತಳದಲ್ಲಿ ಕೂತಂತೆ, ಗೊಣಗುತ್ತಿದ್ದರು: "ಸಾಯೋವರೆಗೂ ಇವನ ಟೋಪಿ ನಾನೇ ಹುಡುಕ್ಬೇಕು. ಏನು ಪಾಪ ಮಾಡಿದ್ನೋ."

ನಾನು ತಿರುಗದೆಯೇ, "ದಿಂಬಿನ ಕೆಳಗಿದೆ ನೋಡು" ಎಂದೆ.

ತಟ್ಟೆ ಬಿದ್ದ ಸದ್ದು. ಎಂಥ ಸದ್ದು ಅದು, ಮಗಳೇ! ನನ್ನದೇ ತಟ್ಟೆ, ನಾನೇ ಬಡಿದದ್ದು, ಅದು ಹಾಗೆ ಹಾಡುತ್ತದೆಂದು ನನಗೆ ಮರೆತೇ ಹೋಗಿತ್ತು. ಯಮೀನಾ ಬಾಯಿ ಮುಚ್ಚಿಕೊಂಡು ನಿಂತಳು. ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಏನೇನು ಅಂದಿದ್ದಳೋ, ಈಗ ಪಿಸುಗುಟ್ಟಲೂ ಹೆದರುತ್ತಾಳೆ. ಅಡುಗೆಮನೆಯಲ್ಲಿ ಬೈಯಲೆಂದು ಬಾಯಿ ತೆರೆದು, ನನ್ನ ಎಡಗಡೆ ನೋಡಿ, ಮುಚ್ಚಿಕೊಳ್ಳುತ್ತಾಳೆ. ಈಗ ನಿಜವಾಗಿಯೂ ಮೀನು.

ಬೀದಿಯಲ್ಲಿ ಹೊಸ ಜಗಳ ಎದ್ದಿದೆ, ಯಾರ ಕಾಫಿ ಸುತ್ತಿಗೆಯದು, ಯಾರ ಕಾಫಿ ಮೂಳೆಯದು ಎಂದು. ಗದ್ದಲದಲ್ಲಿ ಕಿವಿ ಚೆನ್ನಾಗಿ ಕೇಳಿಸುವವರೆಲ್ಲ ಹೋಗಿ ಪರೀಕ್ಷೆ ಮಾಡಿಸಿ ಎಂದು ನಾನೇ ಹೇಳಿದೆ. ಬೂಜಮಾ, "ನಂಗೆ ಎಲ್ಲಾ ಕಡೆ ಕೇಳಿಸುತ್ತೆ, ಅದಕ್ಕೇನು ಮದ್ದು?" ಎನ್ನುತ್ತಾನೆ. ಇಬ್ಬರು ಸದ್ಯದಲ್ಲೇ ಪರೀಕ್ಷೆಗೆ ಹೋಗುತ್ತಾರೆ. ನಿನ್ನ ಮುದುಕಿಗೆ ಹೇಳಿಡು.

ಗುಲಾಬಿ ಬಂದಿದೆ. ಯಮೀನಾ ಅಂಗಳದಲ್ಲಿ ಬಟ್ಟಿ ಹೂಡಿದ್ದಾಳೆ. ನಾನೇ ಮಾಡಿದ ಹಂಡೆ, ನಾನೇ ಬಾಗಿಸಿದ ಕೊಳವೆ. ನಿಮ್ಮಮ್ಮ ಒಲೆಯ ಉರಿ ಸಾಕೋ ಬೇಕೋ ಎಂದು ನೋಡದೆಯೇ ಹೇಳುತ್ತಿದ್ದಳು, ಒಳಗಿನ ಕೋಣೆಯಿಂದ. ಹೇಗೆ ಎಂದು ನಾನು ಕೇಳಿರಲಿಲ್ಲ. ನಿನ್ನೆ ಗೊತ್ತಾಯಿತು. ಕೊಳವೆಯ ತುದಿಯಿಂದ ಹನಿ ಬೀಳುತ್ತದೆ. ಟಪ್. ಉಸಿರು ಹಿಡಿದು ಕಾಯುವಷ್ಟು ಹೊತ್ತು. ಮತ್ತೆ ಟಪ್. ಆ ಲಯವನ್ನು ಕೇಳಿ ಅವಳು ಹೇಳುತ್ತಿದ್ದಳು. ಜೀವಮಾನವೆಲ್ಲ ಹಂಡೆ ಮಾಡಿದೆ, ಅದು ಮಾತಾಡುವುದನ್ನು ಈಗ ಕೇಳಿದೆ. ಕತ್ತಲಾಗುವವರೆಗೆ ಅಲ್ಲೇ ಕೂತಿದ್ದೆ.

ಆಗ ಯಮೀನಾ ಬಂದು ಪಕ್ಕದಲ್ಲಿ ಕೂತಳು. ಎಡಗಡೆಗೆ. ಕಿವಿ ಬಂದ ಮೇಲೆ ಹೇಳೋಣ ಎಂದು ಕಾದಿದ್ದಳಂತೆ. ಮೆಲ್ಲಗೆ ಹೇಳಿದಳು. ನೀನು ಹೊಸ್ತಿಲಲ್ಲಿ ನಿಂತು ಏನು ಕೇಳಿದೆ ಎಂದು.

ಮಗಳೇ, ನನಗೆ ನೆನಪಿರುವುದು ಇಷ್ಟು. ನಾನು ಕೆತ್ತುತ್ತಿದ್ದ ತಟ್ಟೆಯ ಮೇಲೆ ನಿನ್ನ ನೆರಳು ಬಂದು ನಿಂತಿತ್ತು. ಕಣ್ಣು ತುಂಬಿದ್ದರಿಂದ ತಲೆ ಎತ್ತಲಿಲ್ಲ. ಕಣ್ಣೊರೆಸಿಕೊಂಡು, ಈಗ ಕೇಳುತ್ತಾಳೆ, ಕೇಳಿದರೆ ಎದ್ದು ಹಣೆಗೆ ಮುತ್ತಿಟ್ಟು ಕಳಿಸುತ್ತೇನೆ ಎಂದುಕೊಂಡೆ. ತಲೆ ಎತ್ತಿದಾಗ ಹೊಸ್ತಿಲು ಒದ್ದೆಯಾಗಿತ್ತು, ಹೂವಿನ ವಾಸನೆ ಇತ್ತು, ನೀನು ಇರಲಿಲ್ಲ. ನನ್ನನ್ನು ಕೇಳದೆ ಹೋದೆ ಎಂದು ತಿಳಿದೆ. ಇಷ್ಟು ವರ್ಷ ಹಾಗೇ ತಿಳಿದಿದ್ದೆ.

ಈ ಕಾಗದ ಕೈಸೇರಿದ ಮೇಲೆ ಬರುವ ಮೊದಲ ಶುಕ್ರವಾರ ಫೋನು ಮಾಡು. ಬೀದಿ ಮಲಗಿರುತ್ತದೆ. ಯಮೀನಾಳನ್ನು ಅಂಗಳಕ್ಕೆ ಕಳಿಸಿರುತ್ತೇನೆ. ನಾನು ಅದೇ ಹೊಸ್ತಿಲ ಮೇಲೆ, ಎಡಗಿವಿಗೆ ಫೋನು ಹಿಡಿದು ಕೂತಿರುತ್ತೇನೆ. ಕೂಗಬೇಡ. ಅವತ್ತು ಎಷ್ಟು ಮೆತ್ತಗೆ ಕೇಳಿದ್ದೆಯೋ ಅಷ್ಟೇ ಮೆತ್ತಗೆ, ಅದನ್ನೇ ಇನ್ನೊಮ್ಮೆ ಕೇಳು.

ನಿನ್ನ ಬಾಬಾ
ಝುಬೈರ್